ನಾಲ್ಕು ಚೀಲ ಸಿಮೆಂಟು

ಬಂದರದಲ್ಲಿ ಬಂಗಡೆ ಒತ್ತಿ ನೋಡುತ್ತಾರಲ್ಲ, ಹಾಗೆ
ಎರಡು ಬೆರಳಲ್ಲಿ ನನ್ನ ಎಡಗಾಲು ಒತ್ತಿ
ಎಪ್ಪತ್ತಾರು ಎಂದರು ಜಿಲ್ಲಾ ಆಸ್ಪತ್ರೆಯ ಡಾಕ್ಟರು.
ಶೇಕಡಾ.
ಹತ್ತನೆಯಲ್ಲೂ ನನಗೆ ಇಷ್ಟು ಬಿದ್ದಿರಲಿಲ್ಲ.
ಪುಣ್ಯ ಮಾಡಿದ್ದೆ ಶೇವಂತಿ, ಅಂದಳು ಚೀಟಿ ಬರೆಯುವವಳು,
ಎರಡು ಅಂಕ ಕಮ್ಮಿ ಬಿದ್ದಿದ್ದರೆ ಹಣವೂ ಕಮ್ಮಿಯಂತೆ.
ಉಳಿದ ಇಪ್ಪತ್ನಾಲ್ಕು ಎಲ್ಲಿದೆ ಎಂದು
ಬೈತಖೋಲದವರೆಗೂ ರಿಕ್ಷಾದಲ್ಲಿ ಹುಡುಕುತ್ತ ಬಂದೆ.

ಮೊದಲ ಕಂತು ಪುರ್ಸುವಿನ ದೋಣಿಗೆ ಡೀಸೆಲ್ಲಾಯಿತು.
ಎರಡನೆಯದು ವೈನಿಯ ಸಂಘದ ಸಾಲಕ್ಕೆ,
ಸಾಲ ತೀರಲಿಲ್ಲ, ಬಡ್ಡಿಯಷ್ಟೇ ಹೋಯಿತು.
ಮೂರನೆಯದು ಎಲ್ಲಿ ಹೋಯಿತೋ ಯಾರಿಗೂ ನೆನಪಿಲ್ಲ.
ನನಗಿಲ್ಲದ ಕಾಲು ಆ ದುಡ್ಡಿಗಿತ್ತು.
ತಪ್ಪು ಅವರದೆನ್ನುವುದಿಲ್ಲ. ಮೂವತ್ತೊಂಬತ್ತು ವರ್ಷ
ನನ್ನನ್ನು ಹೊತ್ತವರು; ಅಪ್ಪ ಇರುವತನಕ ಅಪ್ಪ,
ಆಮೇಲೆ ಪುರ್ಸು, ಎಂಥ ಮಳೆಯಲ್ಲೂ.
ಹೊತ್ತ ಬೆನ್ನಿಗೆ ಲೆಕ್ಕ ಕೇಳುವುದು ಹೇಗೆ?

ಆದರೂ ನಾಲ್ಕನೆಯ ತಿಂಗಳು ಪೋಸ್ಟಿನ ಶಾಂತಾರಾಮ ಬಂದಾಗ
ವೈನಿ ಕೈ ಒಡ್ಡುವ ಮೊದಲೇ
ಹೊಸಿಲತನಕ ತೆವಳಿ ಬಂದು ನಾನೇ ಎಣಿಸಿಕೊಂಡೆ.
ಅವನು ಹೆಬ್ಬೆಟ್ಟಿನ ಡಬ್ಬಿ ತೆಗೆದ.
ಸಹಿ ಬರುತ್ತದೆ, ಅಂದೆ.

ನಮ್ಮ ಮನೆಗೆ ಮೂರು ಮೆಟ್ಟಿಲು.
ಕೂತು ಇಳಿಯುವವಳ ಸೀರೆ ಹಿಂದಿನಿಂದ ಹರಿಯುತ್ತದೆ;
ಸೆರಗು ಹೊಸದಿರುವಾಗಲೇ ಅದಕ್ಕೆ ವಯಸ್ಸಾಗುತ್ತದೆ.
ಮೆಟ್ಟಿಲ ಕೆಳಗೆ ಸರಕಾರ ಕೊಟ್ಟ ಮೂರು ಗಾಲಿಯ ಸೈಕಲ್ಲು.
ಕೊಟ್ಟ ದಿನ ಅದಕ್ಕೂ ನನಗೂ ಒಂದೊಂದು ಹಾರ ಹಾಕಿ
ಫೋಟೋ ತೆಗೆದುಕೊಂಡು ಹೋದರು.
ಎಂಟು ತಿಂಗಳು ಅದರ ಸೀಟಿನ ಮೇಲೆ
ಪಕ್ಕದ ಮನೆಯ ಕೋಳಿ ಕಾವಿಗೆ ಕೂತಿತು.
ಬಸ್ಸಿನ ಪಾಸೂ ಇದೆ. ಬಸ್ಸಿನ ಮೆಟ್ಟಿಲು ನನ್ನ ಎದೆಯೆತ್ತರ.
ಎಲ್ಲವನ್ನೂ ಕೊಟ್ಟಿದ್ದಾರೆ, ಸುಳ್ಳು ಹೇಳಬಾರದು,
ನಡುವೆ ಒಂದೊಂದು ಮೆಟ್ಟಿಲು ಬಿಟ್ಟಿದ್ದಾರೆ, ಅಷ್ಟೇ.

ಬಲೆ ರಿಪೇರಿ ಮಾಡುವವಳು ನಾನು. ಅಪ್ಪ ಕಲಿಸಿದ್ದು:
ಹರಿಯಿತೆಂದು ಇಡೀ ಬಲೆ ಬಿಚ್ಚಬೇಡ,
ಯಾವ ಕಣ್ಣಿನಿಂದ ಮೀನು ಜಾರುತ್ತದೋ
ಅದನ್ನು ಮೊದಲು ಕಟ್ಟು.

ತಿಂಗಳಿಗೊಂದು ಚೀಲ ಸಿಮೆಂಟು.
ಚಿರೇಕಲ್ಲು, ಹೈವೇಗೆಂದು ಒಡೆದ ಯಾರದೋ ಗೋಡೆಯದು, ಪುಕ್ಕಟೆ.
ಜೂಜೆ ಮೇಸ್ತ್ರಿ ಕೂಲಿಯ ಬದಲು
ತನ್ನ ಬೀಸುಬಲೆ ಸರಿಮಾಡಿಸಿಕೊಂಡ.
ಮೊದಲ ಚೀಲ ಉಪ್ಪುಗಾಳಿಗೆ ತೇವ ಹಿಡಿದು
ಚೀಲದೊಳಗೇ ಕಲ್ಲಾಗಿತ್ತು. ನಾನು ಅತ್ತೆ.
ಅವನು ಅದನ್ನು ಹಾಗೇ ಎತ್ತಿ ಅಡಿಪಾಯಕ್ಕೆ ಇಟ್ಟ.
ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತು, ಅಂದ ಪುರ್ಸು.
ಎರಡು ದಿನ ಮಾತು ಬಿಟ್ಟ.

ಈಗ ವೈನಿ ಗ್ಯಾಸ್ ಸಿಲಿಂಡರನ್ನು ಆ ಇಳಿಜಾರಿನಲ್ಲೇ ಉರುಳಿಸುತ್ತಾಳೆ.
ಮಕ್ಕಳು ಜಾರುತ್ತವೆ. ನಾಯಿ ಅಡ್ಡ ಮಲಗುತ್ತದೆ.
ಮಂಡಿನೋವಿನ ಗಿರಿಜಾಬಾಯಿ
ಹರಟೆಗೆ ನಮ್ಮಲ್ಲಿಗೆ ಮಾತ್ರ ಬರುತ್ತಾಳೆ.
ಪುರ್ಸು ಐಸಿನ ಪೆಟ್ಟಿಗೆ ಎಳೆದು ತರುತ್ತಾನೆ, ಏನೂ ಹೇಳುವುದಿಲ್ಲ.
ಅವನು ಮೆಟ್ಟಿಲು ಹತ್ತಿದ್ದನ್ನು ಆಮೇಲೆ ನಾನು ಕಂಡಿಲ್ಲ.

ನಾನು ಎಂಟಕ್ಕೆ ಬಂದರದಲ್ಲಿರುತ್ತೇನೆ.
ಸೈಕಲ್ಲಿನ ಹಿಂದೆ ನೈಲಾನ್ ನೂಲು, ಬಲೆಸೂಜಿ, ಊಟದ ಡಬ್ಬಿ.
ಬಲೆ ಮನೆಗೆ ಬರುತ್ತಿದ್ದಾಗ ಸಿಗದ ಕೂಲಿ
ನಾನು ಬಲೆಯ ಹತ್ತಿರ ಹೋದರೆ ಸಿಗುತ್ತದೆ.
ಇಳುಕಲಿನಲ್ಲಿ ಬ್ರೇಕು ಬಿಟ್ಟರೆ ಕಿವಿಗೆ ಗಾಳಿ ನುಗ್ಗುತ್ತದೆ.
ಬೆನ್ನ ಮೇಲೆ ಬೆಳೆದವಳಿಗೆ
ಬೆವರಿನ ವಾಸನೆ ಗೊತ್ತಿತ್ತು, ಈ ಗಾಳಿ ಗೊತ್ತಿರಲಿಲ್ಲ.

ಮೊನ್ನೆ ತಾಲೂಕು ಕಚೇರಿಯಿಂದ ಒಬ್ಬ ಹುಡುಗ ಬಂದಿದ್ದನಂತೆ,
ಪಿಂಚಣಿಯವಳು ಬದುಕಿದ್ದಾಳೋ ಇಲ್ಲವೋ ನೋಡಲು.
ಇಲ್ಲ, ಅಂದಳಂತೆ ವೈನಿ.
ಇಲ್ಲವೆಂದರೆ? ಪೆನ್ನಿನ ಟೊಪ್ಪಿ ತೆಗೆದು ಕೇಳಿದನಂತೆ.
ಇಲ್ಲವೆಂದರೆ ಇಲ್ಲ ಮಾರಾಯಾ,
ಹೊರಗೆ ಹೋಗಿದ್ದಾಳೆ.